ಬಾಚಣಿಗೆಯ ಮಗ್ಗಿ

ಮೇಲೆ, ಬಲ, ಕೆಳಗೆ, ಕೆಳಗೆ, ಎಡ, ಮೇಲೆ.

ಇದು ಕಡೆಯ ಸಾಲು. ಇಷ್ಟನ್ನು ತಪ್ಪದೆ ಒಪ್ಪಿಸಿದರೆ ಇನ್ನೊಂದು ವರ್ಷ ಕೆಲಸ ಉಂಟು. ಒಂದು ತಪ್ಪಿದರೂ ಗೇಟಿನ ದಾರಿ.

ಅಂಗೈಯಗಲದ ಬಿಳಿ ರಟ್ಟಿನ ಅಟ್ಟೆ ಅದು. ಅದರ ಮೇಲೆ ಐದು ಸಾಲು. ಪ್ರತಿ ಸಾಲಿನಲ್ಲೂ ಮೂರು ಹಲ್ಲಿನ ಬಾಚಣಿಗೆಯಂಥ ಕಪ್ಪು ಗುರುತುಗಳು. ಮೊದಲ ಸಾಲಿನವು ಹೆಬ್ಬೆರಳ ಉಗುರಿನಷ್ಟು, ಕಡೆಯ ಸಾಲಿನವು ಎಳ್ಳಿನಷ್ಟು. ಅಟ್ಟೆಯನ್ನು ಮೊಳದುದ್ದ ದೂರ ಹಿಡಿದು ಹಲ್ಲು ಯಾವ ಕಡೆ ತಿರುಗಿದೆ ಅಂತ ಹೇಳಬೇಕು. ಅಕ್ಷರ ಬರದವರ ಕಣ್ಣನ್ನೂ ಅಳೆಯಲು ಯಾರೋ ಬುದ್ಧಿವಂತರು ಮಾಡಿದ ಉಪಾಯ. ಮಾಡಿದವರಿಗೆ ಒಂದು ವಿಷಯ ಗೊತ್ತಿರಲಿಲ್ಲ. ಅಕ್ಷರ ಬರದವರಿಗೆ ನೆನಪು ಗಟ್ಟಿ.

ಸಿದ್ಧ ಉಡುಪಿನ ಆ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಐವತ್ತೊಂಬತ್ತು ಹೆಂಗಸರು. ಅಷ್ಟೂ ಜನಕ್ಕೆ ಆ ಅಟ್ಟೆ ಬಾಯಿಪಾಠ. ಕಲಿಸಿದವಳು ಒಬ್ಬಳೇ. ಮೂರನೇ ಮೇಜಿನವಳು, ನಲವತ್ತೇಳು ವರ್ಷದವಳು, ಹತ್ತೊಂಬತ್ತು ವರ್ಷದಿಂದ ಅದೇ ಮೇಜಿಗೆ ಹೊಟ್ಟೆ ಒತ್ತಿಕೊಂಡು ನಿಂತವಳು. ಮಗ್ಗಿಯಕ್ಕ ಅಂತಲೇ ಅವಳಿಗೆ ಹೆಸರು ನಿಂತುಹೋಗಿತ್ತು. ಹೊಸಬಳೊಬ್ಬಳು ಸೇರಿದಳೆಂದರೆ ಸಾಕು, ಕಕ್ಕಸಿನ ಸಾಲಿನಲ್ಲಿ, ಡಬ್ಬಿ ತೊಳೆಯುವ ನಲ್ಲಿಯ ಹತ್ತಿರ, ಸಂಜೆಯ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಎರಡೊಂದಲ ಎರಡರ ಹಾಗೆ ಹೇಳಿಕೊಡುತ್ತಿದ್ದಳು. ನನಗೆ ಚೆನ್ನಾಗಿ ಕಾಣ್ತದಲ್ಲಕ್ಕ ಅಂತ ಚಿಕ್ಕ ವಯಸ್ಸಿನವಳು ನಕ್ಕರೆ, ಈಗ ಕಾಣ್ತದೆ, ಹತ್ತು ವರ್ಷ ಈ ಮೇಜಿನ ಮುಂದೆ ನಿಲ್ಲು, ಆಮೇಲೆ ಹೇಳು, ಈಗಿನಿಂದಲೇ ಕಲಿತುಕೋ ಅನ್ನುತ್ತಿದ್ದಳು. ಹುಡುಗಿಯರು ಕಲಿಯುತ್ತಿದ್ದರು. ಕಲಿಯದವರು ಯಾರೂ ಅಲ್ಲಿ ಉಳಿದಿರಲಿಲ್ಲ.

ಕೆಲಸ ಏನು ಅಂದರೆ ನೋಡುವುದು. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ ನೋಡುವುದು. ಕಾಲರು, ಭುಜ, ಜೇಬು, ತೋಳಿನ ಮಡಿಕೆ, ಒಳಗಿನ ಹೊಲಿಗೆ. ಒಂದು ಅಂಗಿಗೆ ಐವತ್ತು ಸೆಕೆಂಡು. ಬಿಟ್ಟ ಹೊಲಿಗೆ, ಎಣ್ಣೆ ಕಲೆ, ತುಂಡು ದಾರ, ಮುರಿದ ಸೂಜಿಯ ತುದಿ. ದಾರ ಕಂಡರೆ ಪುಟ್ಟ ಕತ್ತರಿಯಿಂದ ಕತ್ತರಿಸಿ ಅಂಗಿಯನ್ನು ಬಲಕ್ಕೆ ತಳ್ಳಬೇಕು. ಬಿಳಿ ಅಂಗಿ ಬಂದ ದಿನ ಪರವಾಗಿಲ್ಲ. ಕಪ್ಪು ನೀಲಿ ಬಟ್ಟೆಗೆ ಕಪ್ಪು ನೀಲಿ ದಾರ ಬಂದ ದಿನ ಮಧ್ಯಾಹ್ನದ ಹೊತ್ತಿಗೆ ಕಣ್ಣಲ್ಲಿ ನೀರು ಸುರಿಯುತ್ತದೆ, ಹಣೆಯ ಎರಡೂ ಕಡೆ ಸುತ್ತಿಗೆ ಬಡಿಯುತ್ತದೆ. ತಲೆ ಎತ್ತಿದರೆ ಸೂಪರ್‌ವೈಸರ್ ಹೆಸರು ಹಿಡಿದು ಕೂಗುತ್ತಾನೆ. ಹೆಸರಿನ ಜೊತೆ ಅಮ್ಮನನ್ನೂ ಸೇರಿಸುತ್ತಾನೆ.

ನಲವತ್ತು ದಾಟಿದವರಿಗೆ ಬೇಕಾದದ್ದು ಏನು? ಒಂದು ಕನ್ನಡಕ. ರಸ್ತೆ ಬದಿಯಲ್ಲಿ ಗೋಣಿತಾಟು ಹಾಸಿ ಮಾರುವಂಥದ್ದು. ಅದನ್ನು ಕೊಳ್ಳಲಾರದಷ್ಟು ಗತಿಗೆಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಕನ್ನಡಕ ಹಾಕುವಂತಿಲ್ಲ. ಬಳೆ ಹಾಕುವಂತಿಲ್ಲ, ಪಿನ್ನು ಚುಚ್ಚುವಂತಿಲ್ಲ, ಕನ್ನಡಕ ಹಾಕುವಂತಿಲ್ಲ. ಗಾಜಿನ ಚೂರು ಬಟ್ಟೆಯಲ್ಲಿ ಸೇರಿದರೆ ಮಾಲು ವಾಪಸ್ ಅಂತ ಗೋಡೆಯ ಮೇಲೆ ಬರೆಸಿದ್ದರು. ಆ ಬರಹದ ಕೆಳಗೇ ಸೂಪರ್‌ವೈಸರ್ ಓಡಾಡುತ್ತಿದ್ದ. ಅವನ ಮೂಗಿನ ಮೇಲೆ ದಪ್ಪ ಕನ್ನಡಕ. ಆ ಗಾಜು ಯಾರ ಬಟ್ಟೆಯಲ್ಲೂ ಸೇರುವುದಿಲ್ಲವಂತೆ. ಐದನೇ ಮೇಜಿನವಳೊಬ್ಬಳು ಕುಪ್ಪಸದೊಳಗೆ ಕನ್ನಡಕ ಬಚ್ಚಿಟ್ಟುಕೊಂಡು, ಅವನು ಆ ಕಡೆ ತಿರುಗಿದಾಗ ಹಾಕಿಕೊಂಡು ನೋಡುತ್ತಿದ್ದಳು. ಒಂದು ದಿನ ಸಿಕ್ಕಿಬಿದ್ದಳು. ಅವನು ಅದನ್ನು ನೆಲಕ್ಕೆ ಹಾಕಿ ಬೂಟಿನಲ್ಲಿ ತುಳಿದ. ಪ್ಲಾಸ್ಟಿಕ್ಕಿನದು, ಒಡೆಯಲಿಲ್ಲ. ಎರಡನೇ ಸಲ ತುಳಿದ.

ಕಣ್ಣು ಮಂಜಾದವಳು ಚೆಕಿಂಗಿಗೆ ಬೇಡ ಅಂತ ವರ್ಷಕ್ಕೊಮ್ಮೆ ಕಾರ್ಖಾನೆಯ ನರ್ಸಮ್ಮ ಆ ಅಟ್ಟೆ ಹಿಡಿಯುತ್ತಿದ್ದಳು. ಅದಕ್ಕೇ ಮಗ್ಗಿ ಹುಟ್ಟಿದ್ದು.

ಮೂರು ವರ್ಷದ ಹಿಂದೆ ಮೊದಲ ಸಲ ಸರ್ವೇಯವರು ಬಂದರು. ಊರಿನಲ್ಲಿ ಎಷ್ಟು ಜನಕ್ಕೆ ಕನ್ನಡಕ ಬೇಕು, ಎಷ್ಟು ಜನಕ್ಕೆ ಕಿವಿಯ ಯಂತ್ರ ಬೇಕು, ಊರುಗೋಲು, ಗಾಲಿ ಕುರ್ಚಿ, ಕೃತಕ ಕಾಲು ಬೇಕು, ಬೇಕಾದವರಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ ಅಂತ ಲೆಕ್ಕ ತೆಗೆಯುವವರು. ಸಂಖ್ಯೆ ಬಂದರೆ ನಿಯಮ ಬರುತ್ತದೆ, ಕೆಲಸದ ಜಾಗದಲ್ಲೇ ಕನ್ನಡಕ ಕೊಡಬೇಕು ಅಂತ ಆಜ್ಞೆ ಆಗುತ್ತದೆ ಅಂತ ಅವರು ಹೇಳಿದ್ದರು. ಹೇಳುವಾಗ ಪಕ್ಕದಲ್ಲಿ ಎಚ್ಆರ್ ಸಾಹೇಬ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸರ್ವೇಯವರು ಚೀಲದಿಂದ ಅಟ್ಟೆ ತೆಗೆದರು. ನೋಡಿದರೆ ನರ್ಸಮ್ಮನದೇ ಅಟ್ಟೆ. ಊರಿಗೆಲ್ಲ ಒಂದೇ ಅಚ್ಚು. ಹೆಂಗಸರ ಹೋದ ಜೀವ ಬಂದಂತಾಯಿತು. ಒಬ್ಬರ ಹಿಂದೆ ಒಬ್ಬರು ಕೂತು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿ ಎದ್ದರು.

ಸರ್ವೇಯ ಫಲಿತಾಂಶ ಬಂತು. ಈ ಕಾರ್ಖಾನೆಯಲ್ಲಿ ಕನ್ನಡಕದ ಅಗತ್ಯ ಇರುವವರು ಸೊನ್ನೆ. ಆ ಕಾಗದಕ್ಕೆ ಕಟ್ಟು ಹಾಕಿಸಿ ಗೇಟಿನ ಕೋಣೆಯಲ್ಲಿ ತೂಗುಹಾಕಿದರು. ಆ ಚೌಕಟ್ಟಿಗೆ ಮಾತ್ರ ಒಳ್ಳೇ ಗಾಜು ಹಾಕಿಸಿದ್ದರು.

ನಾಲ್ಕು ತಿಂಗಳ ಹಿಂದೆ ಮಕ್ಕಳ ಅಂಗಿಯೊಂದರ ಕಾಲರಿನಲ್ಲಿ ಮುರಿದ ಸೂಜಿಯ ತುದಿ ಸಿಕ್ಕಿತು. ಕೊಳ್ಳುವ ಕಂಪನಿಯ ತಪಾಸಣೆಯವನಿಗೆ ಸಿಕ್ಕಿತು. ಬಟ್ಟೆಯಲ್ಲಿ ಉಳಿದ ಸೂಜಿ ಪತ್ತೆಹಚ್ಚುವ ಯಂತ್ರ ಕೆಟ್ಟು ಎರಡು ವಾರವಾಗಿತ್ತು, ರಿಪೇರಿ ಮಾಡಿಸಿರಲಿಲ್ಲ. ಯಂತ್ರದ ಸುದ್ದಿ ಯಾರೂ ಎತ್ತಲಿಲ್ಲ. ಅಂಗಿಯ ಚೀಟಿಯಲ್ಲಿ ಯಾರ ನಂಬರಿದೆ ಅಂತ ನೋಡಿದರು. ಮಗ್ಗಿಯಕ್ಕನ ಅತ್ತಿಗೆಯ ನಂಬರು.

ಅತ್ತಿಗೆ ಅಂದರೆ ಅಣ್ಣನ ಹೆಂಡತಿ. ಮಗ್ಗಿಯಕ್ಕನಿಗೆ ಈ ಕೆಲಸ ಕೊಡಿಸಿದವಳೇ ಅವಳು. ಅಣ್ಣ ಸತ್ತ ಮೇಲೂ ಇಬ್ಬರೂ ಒಂದೇ ಮನೆಯಲ್ಲಿ ಒಂದೇ ಒಲೆಯಲ್ಲಿ ಬೇಯಿಸಿಕೊಂಡು, ಒಂದೇ ಮೇಜಿನ ಎದುರುಬದುರು ನಿಂತು ಇಷ್ಟು ವರ್ಷ ಸವೆಸಿದ್ದರು. ಐವತ್ತಮೂರು ವರ್ಷದ ಆ ಹೆಂಗಸನ್ನು ಮೇಜಿನ ಮೇಲೆ ಹತ್ತಿಸಿ ನಿಲ್ಲಿಸಿದರು. ಆ ಪುಟ್ಟ ಅಂಗಿಯನ್ನು ಕುತ್ತಿಗೆಗೆ ಕಟ್ಟಿದರು. ಹೊಲಿಗೆಯ ಸಾಲಿನವರು, ಇಸ್ತ್ರಿಯವರು, ಪ್ಯಾಕಿಂಗಿನವರು ಎಲ್ಲರೂ ಬಂದು ನೋಡಿ ಹೋಗಬೇಕು ಅಂತ ಹುಕುಂ ಆಯಿತು. ಬೆಳಿಗ್ಗೆ ಒಂಬತ್ತಕ್ಕೆ ಹತ್ತಿಸಿದವರು ಊಟದ ಗಂಟೆಯವರೆಗೆ ಇಳಿಸಲಿಲ್ಲ. ನಡುವೆ ಅವಳು ಉಚ್ಚೆಗೆ ಹೋಗಬೇಕು ಅಂದಳು. ಬಿಡಲಿಲ್ಲ. ಇನ್ನೊಂದು ಸಲ ಕೇಳಿದಳು. ಸೂಪರ್‌ವೈಸರ್ ನಕ್ಕ. ಆಮೇಲೆ ಅವಳು ಕೇಳಲಿಲ್ಲ. ಸೀರೆಯ ನೆರಿಗೆ ಒದ್ದೆಯಾಗಿ ಮೇಜಿನ ಮೇಲೆ ಹರಿದು ಅಂಚಿನಿಂದ ತೊಟ್ಟಿಕ್ಕಿತು.

ಮಗ್ಗಿಯಕ್ಕ ಅದೇ ಮೇಜಿನ ಮುಂದೆ ಇದ್ದಳು. ಅತ್ತಿಗೆಯ ಪಾದ ಅವಳ ಕೈಯಿಂದ ಗೇಣು ದೂರದಲ್ಲಿತ್ತು. ಅವಳು ಅಂಗಿಗಳನ್ನು ನೋಡುತ್ತಲೇ ಇದ್ದಳು. ಒದ್ದೆಯಾಗದಂತೆ ಅಂಗಿಗಳ ರಾಶಿಯನ್ನು ಈಚೆಗೆ ಸರಿಸಿದಳು. ಸರಿಸಿದ್ದನ್ನು ನೆನೆದಾಗಲೆಲ್ಲ ಅವಳಿಗೆ ತನ್ನ ಕೈಯನ್ನೇ ಕಡಿದುಹಾಕಬೇಕು ಅನ್ನಿಸುತ್ತಿತ್ತು. ಇಂಥ ಹೇಡಿ ಕೈ ಇರಬಾರದು.

ಕರ್ತವ್ಯದಲ್ಲಿ ನಿರ್ಲಕ್ಷ್ಯ ಅಂತ ಬರೆದು ಅತ್ತಿಗೆಯನ್ನು ಹೊರಗೆ ಹಾಕಿದರು. ಆ ಕಾಗದ ನೋಡಿದ ಮೇಲೆ ಬೇರೆ ಯಾವ ಕಾರ್ಖಾನೆಯವರೂ ಗೇಟಿನೊಳಗೆ ಬಿಟ್ಟುಕೊಳ್ಳಲಿಲ್ಲ. ಇಬ್ಬರೂ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು. ನಿರ್ಲಕ್ಷ್ಯ ಅಲ್ಲ ಸರ್, ಕಣ್ಣು ಕಾಣಲ್ಲ, ಕನ್ನಡಕ ಹಾಕೋಕೆ ಬಿಡಲ್ಲ ಅಂತ ಅತ್ತಿಗೆ ಹೇಳಿದಳು. ಅಲ್ಲಿನ ಅಧಿಕಾರಿ ಕೆಟ್ಟವನಲ್ಲ. ಕಡತ ತೆಗೆದು ಸಾವಧಾನವಾಗಿ ಓದಿದ. ನಿಮ್ಮ ಕಾರ್ಖಾನೆಯಲ್ಲಿ ಕಣ್ಣಿನ ತೊಂದರೆ ಇರುವವರೇ ಇಲ್ಲವಲ್ಲಮ್ಮ, ಇಲ್ಲಿ ಸೊನ್ನೆ ಅಂತಿದೆ, ನಿಮ್ಮ ಹೆಸರೂ ಇದೆ, ಐದೂ ಸಾಲು ಸರಿಯಾಗಿ ಓದಿದ್ದೀರಿ, ಕಣ್ಣು ಸರಿ ಇದ್ದೂ ಸೂಜಿ ಬಿಟ್ಟಿದ್ದೀರಿ ಅಂದರೆ ನಿರ್ಲಕ್ಷ್ಯ ಅಲ್ಲದೆ ಇನ್ನೇನು ಅಂತ ಕೇಳಿದ. ಸದ್ಯದಲ್ಲೇ ಮತ್ತೆ ಸರ್ವೇ ಇದೆಯಂತೆ. ಅದರಲ್ಲಿ ಒಬ್ಬರಿಗಾದರೂ ತೊಂದರೆ ಇದೆ ಅಂತ ಬಂದರೆ ಅರ್ಜಿಯನ್ನು ಮತ್ತೆ ತೆಗೆಯಬಹುದು. ಮತ್ತೆ ಸೊನ್ನೆ ಬಂದರೆ ಕಡತ ಮುಚ್ಚಿದ ಹಾಗೆ.

ಮನೆಗೆ ಬಂದು ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ಕೂತ ಮೇಲೆ ಅತ್ತಿಗೆ ಹೇಳಿದಳು.

"ನಿನ್ನ ಮಗ್ಗಿ ಚೆನ್ನಾಗಿ ಕಲಿತಿದ್ದೆ ಕಣೇ. ಒಂದೂ ತಪ್ಪಿಲ್ಲದೆ ಹೇಳಿದ್ದೆ."

ಬೈದಿದ್ದರೆ ಮಗ್ಗಿಯಕ್ಕ ತಡೆದುಕೊಳ್ಳುತ್ತಿದ್ದಳು. ಅತ್ತಿಗೆ ಬೈಯಲಿಲ್ಲ. ಎದ್ದು ಒಲೆ ಹಚ್ಚಿದಳು.

ಎರಡನೇ ಸರ್ವೇ ಬಂದದ್ದು ಕಪ್ಪು ನೀಲಿ ಅಂಗಿಗಳ ವಾರದಲ್ಲಿ. ಹೊರಗೆ ಲಾರಿ ನಿಂತಿತ್ತು. ಸಂಜೆಯೊಳಗೆ ಮಾಲು ಹೋಗಬೇಕು. ಊಟದ ಕೋಣೆಯಲ್ಲಿ ಒಂದು ಮೇಜು ಹಾಕಿ, ಐದೈದು ಜನರನ್ನು ಕರೆದು ಬೇಗ ಬೇಗ ಮುಗಿಸಿ ಅಂತ ಎಚ್ಆರ್ ಸಾಹೇಬ ಅಲ್ಲೇ ಕುರ್ಚಿ ಎಳೆದುಕೊಂಡು ಕೂತ. ಈ ಸಲ ಬಂದಿದ್ದವಳು ಒಬ್ಬ ಹುಡುಗಿ. ಕೈಯಲ್ಲಿ ಟ್ಯಾಬ್, ಪಕ್ಕದಲ್ಲಿ ಚಿತ್ರದ ಪುಸ್ತಕ. ಪುಸ್ತಕದಲ್ಲಿ ಊರುಗೋಲು, ಗಾಲಿ ಕುರ್ಚಿ, ಕಿವಿಯ ಯಂತ್ರ, ಕನ್ನಡಕ. ಇದು ನಿಮ್ಮ ಹತ್ತಿರ ಇದೆಯಾ, ಬೇಕಾ, ಯಾಕಿಲ್ಲ ಅಂತ ಒಂದೊಂದನ್ನೂ ತೋರಿಸಿ ಕೇಳುತ್ತಿದ್ದಳು. ಮುಖದಲ್ಲಿ ಉತ್ಸಾಹ ಇತ್ತು. ಪ್ರಾಮಾಣಿಕವಾಗಿಯೇ ಕೇಳುತ್ತಿದ್ದಳು. ಕೇಳುವ ಜಾಗ ಯಾವುದು, ಪಕ್ಕದಲ್ಲಿ ಕೂತವನು ಯಾರು ಅನ್ನುವುದು ಮಾತ್ರ ಅವಳ ಪ್ರಶ್ನೆಯ ಪಟ್ಟಿಯಲ್ಲಿ ಇರಲಿಲ್ಲ.

ಮೊದಲು ಬಾಯ್ಲರಿನವನನ್ನು ಕರೆದರು. ಇಪ್ಪತ್ತು ವರ್ಷ ಬಾಯ್ಲರಿನ ಪಕ್ಕ ನಿಂತು ಅವನ ಎರಡು ಕಿವಿಯೂ ಹೋಗಿದ್ದವು. ಎಲ್ಲದಕ್ಕೂ ಇಲ್ಲ ಅನ್ನಬೇಕು ಅಂತ ಅವನ ಹೆಂಡತಿ ಬೆರಳಲ್ಲಿ ಸನ್ನೆ ಮಾಡಿ ಕಳಿಸಿದ್ದಳು. ಕಿವಿ ಕೇಳಿಸೋದಕ್ಕೆ ತೊಂದರೆ ಇದೆಯಾ ಅಂದಾಗ ಇಲ್ಲ ಅಂದ. ನಿಮ್ಮ ವಯಸ್ಸೆಷ್ಟು ಅಂದಾಗಲೂ ಇಲ್ಲ ಅಂದ. ಮದುವೆ ಆಗಿದೆಯಾ ಅಂದಾಗಲೂ ಇಲ್ಲ ಅಂದ. ಸಾಲಿನಲ್ಲಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿ ನಕ್ಕರು. ಹುಡುಗಿ ಅನುಮಾನದಿಂದ ತಲೆ ಎತ್ತಿದಳು. ಹೊರಗಿನವನು, ಭಾಷೆ ಸರಿಯಾಗಿ ಬರಲ್ಲ ಅಂತ ಎಚ್ಆರ್ ಸಾಹೇಬ ಹೇಳಿದ. ಕಿವಿ ಸರಿ ಇದೆ ಅಂತ ಬರೆದಾಯಿತು. ಬಾಯ್ಲರಿನವನು ಎಲ್ಲರಿಗೂ ಕೈ ಮುಗಿದು ಹೋದ.

ಆಮೇಲೆ ಹೆಂಗಸರು. ಅಟ್ಟೆ ಅದೇ. ಮೇಲೆ, ಬಲ, ಕೆಳಗೆ, ಕೆಳಗೆ, ಎಡ, ಮೇಲೆ. ಮೂವತ್ತೊಂದು ಜನ ಬಂದು ಕೂತು ಒಪ್ಪಿಸಿ ಎದ್ದರು. ಮಗ್ಗಿಯಕ್ಕ ಸಾಲಿನಲ್ಲಿ ನಿಂತು ಕೇಳುತ್ತಿದ್ದಳು. ಎಲ್ಲ ತನ್ನದೇ ರಾಗ. ತಾನು ಎಲ್ಲಿ ಉಸಿರು ಎಳೆದುಕೊಂಡು ಕಲಿಸಿದ್ದಳೋ ಅಲ್ಲೇ ಅವರೂ ಎಳೆದುಕೊಳ್ಳುತ್ತಿದ್ದರು. ಒಂದೊಂದು ಸಲ ಸರಿ ಅಂತ ಹುಡುಗಿ ಅಂದಾಗಲೂ ಅತ್ತಿಗೆಯ ಕಡತದ ಮೇಲೆ ಒಂದೊಂದು ಕಲ್ಲು ಬಿದ್ದಂತಾಗುತ್ತಿತ್ತು. ಅವಳ ಮೈ ಉರಿಯುತ್ತಿತ್ತು. ಎಚ್ಆರ್ ಸಾಹೇಬನ ಮೇಲೆ ಉರಿ, ಈ ಹುಡುಗಿಯ ಮೇಲೆ ಉರಿ, ಎಲ್ಲಕ್ಕಿಂತ ತನ್ನ ಮೇಲೆ ಉರಿ. ಇವರಿಗೆ ಸೊನ್ನೆ ಬರೆದುಕೊಟ್ಟವಳು ತಾನೇ. ಕೆಲಸ ಉಳಿಸಿದೆ ಅಂತ ಇಷ್ಟು ದಿನ ಬೀಗಿದ್ದಳು. ಯಾರ ಕೆಲಸ ಉಳಿಸಿದ್ದು?

ಅವಳ ಸರದಿ ಬಂತು. ಕೂತಳು. ಹುಡುಗಿ ಅಟ್ಟೆಯನ್ನು ಕೈಗೆ ಕೊಟ್ಟು, ಮೊದಲ ಸಾಲಿನಿಂದ ಹೇಳಿ ಆಂಟಿ ಅಂದಳು.

"ಕಾಣಲ್ಲ."

"ದೊಡ್ಡದಿದೆಯಲ್ಲ, ಇದು?"

"ದೊಡ್ಡದು ಒಂದು ಸಾಲು ಕಾಣ್ತದೆ. ಎರಡನೇದು ಅಲುಗಾಡ್ತದೆ. ಅದರಾಚೆಗೆ ಬರೀ ಮಸಿ. ಆರು ವರ್ಷ ಆಯ್ತು."

ಎಚ್ಆರ್ ಸಾಹೇಬ ಕಾಲ ಮೇಲಿನ ಕಾಲು ಇಳಿಸಿದ. ಈಯಮ್ಮ ಹೋದ ವರ್ಷವೂ ಐದು ಸಾಲು ಓದಿದ್ದಾಳೆ, ನರ್ಸ್ ರಿಜಿಸ್ಟರಿನಲ್ಲಿದೆ, ನಾಟಕ ಆಡ್ತಿದ್ದಾಳೆ, ಅತ್ತಿಗೆಯನ್ನು ತೆಗೆದುಹಾಕಿದ ಸಿಟ್ಟು ಅಂತ ಹುಡುಗಿಗೆ ಹೇಳಿದ.

ಮಗ್ಗಿಯಕ್ಕ ಅಟ್ಟೆಯನ್ನು ಮಗುಚಿ ಮೇಜಿನ ಮೇಲಿಟ್ಟಳು. ಅದರ ಬೆನ್ನಿನ ಮೇಲೆ ಅಂಗೈ ಊರಿದಳು. ಸಾಹೇಬನ ಮುಖವನ್ನೇ ನೋಡುತ್ತ ಮೊದಲ ಸಾಲಿನಿಂದ ಶುರು ಮಾಡಿದಳು. ಒಂದನೇದು, ಎರಡನೇದು, ಮೂರನೇದು, ನಾಲ್ಕನೇದು. ಐದನೇ ಸಾಲು ಹೇಳುವಾಗ ದನಿ ಏರಿತು. ಮೇಲೆ. ಬಲ. ಕೆಳಗೆ. ಕೆಳಗೆ. ಎಡ. ಮೇಲೆ.

"ಸರಿಯಾಗಿದೆಯಾ ನೋಡಮ್ಮ," ಅಂದಳು ಹುಡುಗಿಗೆ. "ಹೀಗೇ ಓದಿದ್ದು ನಾವು. ನಾನೇ ಎಲ್ಲರಿಗೂ ಕಲಿಸಿದ್ದು. ಕಾಣಲ್ಲ ಅಂದ್ರೆ ಹೊರಗೆ ಹಾಕ್ತಾರೆ. ಕನ್ನಡಕ ಹಾಕ್ಕೊಂಡ್ರೆ ತುಳೀತಾರೆ. ಅದಕ್ಕೇ ಬಾಯಿಪಾಠ ಮಾಡಿದ್ವಿ. ನಮ್ಮ ಅತ್ತಿಗೇನೂ ಹೀಗೇ ಓದಿದ್ಲು. ನಿಮ್ಮ ಸೊನ್ನೆ ತೋರಿಸೇ ಅವಳ ಬಾಯಿ ಮುಚ್ಚಿಸಿದ್ರು."

ಹುಡುಗಿ ಅಟ್ಟೆ ಎತ್ತಿ ನೋಡಿದಳು. ಒಂದು ಗುರುತೂ ತಪ್ಪಿರಲಿಲ್ಲ. ಅವಳ ಮುಖದ ಬಣ್ಣ ಇಳಿಯಿತು. ಟ್ಯಾಬಿನಿಂದ ಮೂವತ್ತೊಂದು ಜನರ ಉತ್ತರ ಕಳಿಸಿಬಿಟ್ಟಿದ್ದೀನಿ, ಕಳಿಸಿದ್ದನ್ನು ತಿದ್ದೋಕೆ ಬರಲ್ಲ ಅಂತ ತನಗೆ ತಾನೇ ಅಂದುಕೊಂಡಳು. ಎಚ್ಆರ್ ಸಾಹೇಬ ಎದ್ದು ಬಂದ. ಮಗ್ಗಿಯಕ್ಕನ ಕುತ್ತಿಗೆಯಲ್ಲಿದ್ದ ಗುರುತಿನ ಚೀಟಿಯನ್ನು ದಾರ ಸಮೇತ ಎಳೆದ. ಕಿವಿಗೆ ಸಿಕ್ಕಿಕೊಂಡ ದಾರ ಚರ್ಮ ತರಚಿತು.

"ಇವಳೀಗ ನಮ್ಮ ಕೆಲಸದವಳಲ್ಲ. ಸರ್ವೇ ಕೆಲಸದವರದ್ದು ತಾನೆ? ಇವಳನ್ನ ಲೆಕ್ಕದಿಂದ ತೆಗೀರಿ."

ಹುಡುಗಿಯ ಬೆರಳು ಟ್ಯಾಬಿನ ಮೇಲೆ ನಿಂತಿತು. ಒತ್ತಲಿಲ್ಲ, ತೆಗೆಯಲೂ ಇಲ್ಲ. ಸೆಕ್ಯೂರಿಟಿಯವರಿಬ್ಬರು ಬಂದು ಮಗ್ಗಿಯಕ್ಕನ ರಟ್ಟೆ ಹಿಡಿದರು. ಎಳೆಯಬೇಡಿ, ನಡೆಯೋಕೆ ಬರ್ತದೆ ಅಂದು ಅವಳು ಕೈ ಕೊಡವಿದಳು.

ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಬೆನ್ನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಸಾಲಿನಲ್ಲಿ ಅವಳ ಹಿಂದೆ ಇದ್ದವಳು ಕೂತಿದ್ದಳು. ಐದನೇ ಮೇಜಿನವಳು, ಕನ್ನಡಕ ತುಳಿಸಿಕೊಂಡವಳು, ಆಮೇಲೆ ಯಾರ ಜೊತೆಯೂ ಹೆಚ್ಚು ಮಾತಾಡದವಳು.

"ನನಗೂ ಕಾಣಲ್ಲ," ಅಂದಳು. ಸಾಹೇಬನ ಕೈಗೆ ಕೆಲಸ ಕೊಡಲಿಲ್ಲ. ತನ್ನ ಚೀಟಿಯನ್ನು ತಾನೇ ಕಳಚಿ ಮೇಜಿನ ಮೇಲಿಟ್ಟಳು.

ಅವಳ ಹಿಂದಿನವಳು ಹೆದರಿ ಮಗ್ಗಿ ಒಪ್ಪಿಸಿದಳು. ಅವಳ ಹಿಂದಿನವಳೂ ಒಪ್ಪಿಸಿದಳು. ಎಲ್ಲರಿಗೂ ಮನೆಯಿದೆ, ಮಕ್ಕಳಿದ್ದಾರೆ, ಅವರನ್ನು ಅನ್ನುವ ಹಾಗಿಲ್ಲ. ಮೂರನೆಯವಳು ಕಾಣಲ್ಲ ಅಂದಳು. ನಾಲ್ಕನೆಯವಳೂ ಅಂದಳು. ಆಮೇಲೆ ಓದಿ ಮುಗಿಸಿ ಹೋಗಿದ್ದವರಲ್ಲಿ ಕೆಲವರು ಅಂಗಿ ಬಿಟ್ಟು ವಾಪಸ್ ಬಂದರು. ನಾವು ಸುಳ್ಳು ಹೇಳಿದ್ವಿ, ಅಳಿಸಿ ಬರ್ಕೊಳ್ಳಿ ಅಂದರು. ಕಾಣಲ್ಲ ಅಂದವರೆಲ್ಲ ಚೀಟಿ ಕಳಚಿ ಮೇಜಿನ ಮೇಲಿಟ್ಟರು. ಸೂಪರ್‌ವೈಸರ್ ಹೆಸರು ಹಿಡಿದು ಕೂಗಿದ, ಅಮ್ಮಂದಿರನ್ನೂ ಸೇರಿಸಿದ. ಯಾರೂ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಲಾರಿಯವನು ಒಳಗೆ ಇಣುಕಿ ಮಾಲು ಯಾವಾಗ ಅಂತ ಕೇಳಿದ. ಎಚ್ಆರ್ ಸಾಹೇಬ ಮೇಜಿನ ಮೇಲಿನ ಚೀಟಿಗಳನ್ನು ನೋಡಿದ, ಲಾರಿಯವನನ್ನು ನೋಡಿದ, ಇಷ್ಟು ಜನ ನಮ್ಮ ಕೆಲಸದವರಲ್ಲ ಅನ್ನಲು ಬಾಯಿ ಬರಲಿಲ್ಲ. ಚೀಟಿಗಳನ್ನು ವಾಪಸ್ ತಳ್ಳಿ, ಬರ್ಕೊಂಡು ಹಾಳಾಗಿ ಹೋಗಿ, ಮೊದಲು ಮಾಲು ಮುಗಿಸಿ ಅಂದ. ಮಗ್ಗಿಯಕ್ಕನದೊಂದು ಚೀಟಿ ಮಾತ್ರ ಅವನ ಜೇಬಿನಲ್ಲೇ ಉಳಿಯಿತು.

ಅವಳನ್ನು ಹೊರಗೆ ಬಿಟ್ಟು ಗೇಟು ಹಾಕಿದರು. ಅವಳು ಮನೆಯ ಕಡೆ ಹೋಗಲಿಲ್ಲ. ಗೋಡೆಯ ಪಕ್ಕ ಚರಂಡಿ ದಾಟಿ ಊಟದ ಕೋಣೆಯ ಕಿಟಕಿಯ ಹತ್ತಿರ ಬಂದಳು. ಕಿಟಕಿಯ ಸರಳು ಹಿಡಿದು ಒಳಗೆ ನೋಡಿದಳು. ದೂರದ್ದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಹುಡುಗಿ ಟ್ಯಾಬ್ ಪಕ್ಕಕ್ಕಿಟ್ಟು ಹಾಳೆಯ ಮೇಲೆ ಪೆನ್ನಿನಲ್ಲಿ ಬರೆಯುತ್ತಿದ್ದಳು.

"ಏನಮ್ಮ, ನನ್ನ ಬಿಟ್ಟಿದೀಯೋ, ಸೇರಿಸಿದೀಯೋ?"

ಹುಡುಗಿ ಬೆಚ್ಚಿ ತಿರುಗಿದಳು. ಎಚ್ಆರ್ ಸಾಹೇಬನೂ ತಿರುಗಿದ. ಹುಡುಗಿ ಅವನ ಕಡೆ ನೋಡಲಿಲ್ಲ. ಟ್ಯಾಬ್ ಮತ್ತು ಹಾಳೆ ಎರಡನ್ನೂ ಎತ್ತಿಕೊಂಡು ಕಿಟಕಿಯ ಹತ್ತಿರ ಬಂದಳು.

"ಸೇರಿಸಿದ್ದೀನಿ ಆಂಟಿ. ನಿಮ್ಮನ್ನೂ ಸೇರಿಸಿ ಇಪ್ಪತ್ತೆರಡು ಜನ. ಒಂದು ಪ್ರಶ್ನೆ ಉಳಿದಿದೆ. ಬೇಕು ಅನ್ನೋರಿಗೆ ಮಾತ್ರ ಕೇಳೋದು. ಇಲ್ಲಿವರೆಗೆ ಯಾಕೆ ಕನ್ನಡಕ ಹಾಕಿಲ್ಲ?" ಅಂದು ಟ್ಯಾಬಿನಲ್ಲಿದ್ದ ಉತ್ತರಗಳನ್ನು ಓದಿದಳು. ದುಡ್ಡಿಲ್ಲ. ಸಿಗುವ ಜಾಗ ದೂರ. ಗೊತ್ತಿರಲಿಲ್ಲ. ನಾಚಿಕೆ. ಇದರಲ್ಲಿ ಒಂದನ್ನು ಆರಿಸಬೇಕಿತ್ತು.

"ಹಾಕೋಕೆ ಬಿಡಲಿಲ್ಲ."

"ಅದು ಇದರಲ್ಲಿ ಇಲ್ಲ ಆಂಟಿ."

"ಇಲ್ಲ ಅಂದ್ರೆ ಕೈಯಲ್ಲಿ ಬರಿ. ನಾಚಿಕೆ ಅಂತ ಮಾತ್ರ ಬರೀಬೇಡ, ನಾಚಿಕೆ ನಮ್ಮದಲ್ಲ."

ಹುಡುಗಿ ಸರಳಿಗೆ ಹಾಳೆ ಒತ್ತಿ ಹಿಡಿದು, ಹಾಕಲು ಬಿಡಲಿಲ್ಲ ಅಂತ ಬರೆದಳು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು. ಮಗ್ಗಿಯಕ್ಕ ಸರಳು ಬಿಡಲಿಲ್ಲ.

"ಯಾರು ಬಿಡಲಿಲ್ಲ ಅಂತಾನೂ ಬರಿ. ಅಲ್ಲೇ ನಿಂತಿದ್ದಾನಲ್ಲ, ಹೆಸರು ಕೇಳಿ ಬರಿ."